ಮೂರು ಬೆರಳು ಈಚೆ

ಜಕ್ಕನಹಳ್ಳಿ ದಾಟಿದ ಮೇಲೆ
ಬಸ್ಸಿನೊಳಗೆ ಮಾತು ಕಮ್ಮಿಯಾಗುತ್ತದೆ.
ಮೇಲುಕೋಟೆಯ ಬೆಟ್ಟ ದೊಡ್ಡದೇನಲ್ಲ,
ಆದರೂ ಹೊಟ್ಟೆ ತುಂಬ ಉಂಡು ಹತ್ತಿದವರಿಗೆ
ಪ್ರತಿ ತಿರುವೂ ನಿಲ್ಲಿಸಿ ಲೆಕ್ಕ ಕೇಳುತ್ತದೆ.
ಕಿಟಕಿಗೆ ನಾಲ್ಕು ತಲೆ. ಹಿಂದಿನ ಸೀಟಿನಿಂದ
‘ಕಂಡಕ್ಟ್ರಮ್ಮಾ, ಕವರ್ ಅದಾ?’

ಕವರ್ ಇದೆ. ನಿಂಬೆಹಣ್ಣಿದೆ.
ಆಮೇಲೆ, ನನ್ನ ಹೆಬ್ಬೆರಳಿದೆ.

ಹೇಳಿಕೊಟ್ಟವಳು ಯಾಂಗ್‌ಚೆನ್,
ಬೈಲಕುಪ್ಪೆಯಿಂದ ಬಂದು ಮಂಡ್ಯದ ಫುಟ್‌ಪಾತಿನಲ್ಲಿ
ದೀಪಾವಳಿಯಿಂದ ಸಂಕ್ರಾಂತಿವರೆಗೆ ಸ್ವೆಟರ್ ಮಾರುವವಳು.
ನನಗಾಗ ಡ್ಯೂಟಿಯ ಮೊದಲ ವಾರ.
ಕಂಡಕ್ಟರಿಗೇ ಬಸ್ಸು ಆಗುವುದಿಲ್ಲ ಅಂತ
ಡಿಪೋದಲ್ಲೆಲ್ಲ ನಗು.
ಅವಳ ಉಣ್ಣೆ ರಾಶಿಗೆ ಒರಗಿ ಕೂತಿದ್ದೆ.
ಕೈ ಎಳೆದುಕೊಂಡು, ಮಣಿಕಟ್ಟಿನ ಗೆರೆಯಿಂದ
ಮೂರು ಬೆರಳು ಈಚೆಗೆ ಅಳೆದಳು,
ಗುಂಡಿ ಹೊಲಿಯುವ ಜಾಗ ಗುರುತಿಸುವ ಹಾಗೆ.
ಎರಡು ನರದ ನಡುವೆ ಒಂದು ಸಣ್ಣ ಹಳ್ಳ.
‘ಇಲ್ಲಿ ಒತ್ತು. ಉಸಿರು ಬಿಡು.
ಒಳಬಾಗಿಲು ಅಂತಾರೆ ಇದಕ್ಕೆ.’
‘ನಿಮ್ಮ ಕಡೇದಾ?’
‘ಅಲ್ಲ. ಚೀನಾದ್ದು’ ಅಂದಳು.
ಅಂದು, ಸ್ವಲ್ಪ ಹೊತ್ತು
ಮಡಚಿದ ಸ್ವೆಟರನ್ನೇ ಮತ್ತೆ ಮಡಚಿದಳು.

ಅಲ್ಲಿಂದ ಈಚೆಗೆ ಎಷ್ಟು ಮಣಿಕಟ್ಟು!
ಹಸಿರು ಬಳೆ ಮೇಲಕ್ಕೆ ಸರಿಸಿ ಕೊಟ್ಟವು,
ಕಬ್ಬಿನ ಗರಿ ಗೀರಿದವು,
ಉಜ್ಜಿ ಉಜ್ಜಿಯೂ ಅಳಿಯದ ಹಚ್ಚೆಯ ಹೆಸರು,
ಡ್ರಿಪ್ಪಿನ ಪ್ಲಾಸ್ಟರ್ ಕೀಳದೆ
ಆಸ್ಪತ್ರೆಯಿಂದ ನೇರ ಬಸ್ಸು ಹತ್ತಿದ್ದು.
ಎಲ್ಲದರ ಅಡಿಯಲ್ಲೂ ಒಂದು ಮೀನುಮರಿ ಮಿಸುಕುತ್ತದೆ.

ಒಬ್ಬಾಕೆ ಕೈ ಚಾಚಿದವಳು ಹಿಂದಕ್ಕೆಳೆದು
‘ನೀವು ಯಾವ ಜನ?’ ಅಂದಳು.
‘ಟಿಕೆಟ್ ಕೊಡೋ ಜನ’ ಅಂದೆ.
ಮುಂದಿನ ತಿರುವು ನನ್ನ ಪರವಾಗಿ ಮಾತಾಡಿತು.
ಕೈ ತಾನಾಗಿ ಬಂತು.

ಬಿಂದುವೋ, ಹಿಡಿದುಕೊಂಡದ್ದೋ, ನನಗೆ ಗೊತ್ತಿಲ್ಲ.
ಡ್ರೈವರ್ ಮಾಯಿಗಯ್ಯ ಕನ್ನಡಿಯಲ್ಲೇ ನಗುತ್ತಾನೆ:
‘ನೀನ್ ಕೈ ಒತ್ತು, ನಾನ್ ಬ್ರೇಕ್ ಒತ್ತೀನಿ,
ಯಾವ್ದು ಕೆಲ್ಸ ಮಾಡ್ತದೆ ನೋಡಾನ.’
ಒತ್ತುತ್ತಿರುವಾಗಲೇ ಕೆಲವರು ಕಕ್ಕಿದ್ದಾರೆ,
ನನ್ನ ಶೂ ಮೇಲೆ. ಅದನ್ನೂ ಹೇಳಬೇಕಲ್ಲ.
ಯಾಂಗ್‌ಚೆನ್ ಸಿಕ್ಕರೆ ಕೇಳಬೇಕು.
ಈ ಚಳಿಗೆ ಅವಳು ಇನ್ನೂ ಬಂದಿಲ್ಲ,
ಅವಳ ಜಾಗದಲ್ಲಿ ಯಾರೋ ಹೆಲ್ಮೆಟ್ ಹರಡಿದ್ದಾರೆ.

ಹೋದ ಸೋಮವಾರ,
ಆಲೆಮನೆಯ ಗಾಣಕ್ಕೆ ಎಡಗೈ ಕೊಟ್ಟವನು ಹತ್ತಿದ.
ಅಂಗಿಯ ತೋಳು ಮಡಚಿ ಪಿನ್ನು ಹಾಕಿತ್ತು.
ಸೊನ್ನೆ ಟಿಕೆಟಿನ ಹೆಂಗಸರು ತುಂಬಿದ ಬಸ್ಸಲ್ಲಿ
ಏಳುವವರು ಯಾರೂ ಇರಲಿಲ್ಲ.
ಮೂರನೇ ತಿರುವಿಗೆ ಮುಖ ಬೂದಿಯಾಯಿತು.
ಇರುವ ಒಂದು ಕೈ ಕಂಬಿಯಲ್ಲಿ.
ಬಿಡು ಅನ್ನುವ ಹಾಗಿಲ್ಲ, ಕೊಡು ಅನ್ನುವ ಹಾಗಿಲ್ಲ.
ಮೆಷಿನ್ ಕಂಕುಳಿಗೆ ಸಿಕ್ಕಿಸಿ,
ಸೀಟಿನ ಬೆನ್ನಿಗೆ ಸೊಂಟ ಕೊಟ್ಟು ನಿಂತು,
ಎತ್ತಿದ ಕೈಯಲ್ಲೇ ಗೆರೆ ಹುಡುಕಿದೆ.
ಹಿಡಿತಕ್ಕೆ ನರಗಳು ಹಗ್ಗವಾಗಿ
ಮೊದಲು ಹಳ್ಳವೇ ಸಿಗಲಿಲ್ಲ.
ಆಮೇಲೆ ಸಿಕ್ಕಿತು.

‘ಆ ಕೈಲೂ ಗೊತ್ತಾಯ್ತದೆ’ ಅಂದ, ಕಣ್ಣು ಮುಚ್ಚಿಕೊಂಡೇ.
‘ಯಾವ ಕೈ?’
‘ಇಲ್ದೇ ಇರೋದು. ಅಲ್ಲೂ ಯಾರೋ ಒತ್ತಿದಂಗೆ.’

ಎರಡು ತಿರುವು ಹಾಗೇ ನಿಂತೆ.

ಬೆಟ್ಟದ ಮೇಲೆ ಚೆಕ್ಕಿಂಗಿನವರು ಹತ್ತಿದರು.
ಇಬ್ಬರಿಗೆ ಟಿಕೆಟ್ ಕೊಟ್ಟಿರಲಿಲ್ಲ ನಾನು.
ಮೆಮೊ ಬಂತು: ಕರ್ತವ್ಯಲೋಪಕ್ಕೆ ಕಾರಣವನ್ನು
ಮೂರು ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು.

ಡಿಪೋದ ಬೆಂಚಿನ ಮೇಲೆ ಕೂತು
ನಾಲ್ಕು ಸಾಲು ಬರೆದೆ, ಮೂರು ಹೊಡೆದು ಹಾಕಿದೆ.
ಉಳಿದದ್ದು ಇಷ್ಟು:
ಸ್ವಾಮಿ, ಆ ಹೊತ್ತಿನಲ್ಲಿ ಕೈ ಖಾಲಿ ಇರಲಿಲ್ಲ.